ಹಬೆಯ ವಾಲ್ವ್ ಮುಚ್ಚಿದ್ದು ನಾನೇ

ಮೇ 6, ಬೆಳಗ್ಗೆ 6

ಶಿಫ್ಟ್‌ಗೆ ಇನ್ನು ಹತ್ತು ನಿಮಿಷ. ನಿನ್ನೆ ಇನ್ನೂರ ಹನ್ನೆರಡು ಬೆಡ್‌ಶೀಟ್ ಇಸ್ತ್ರಿ. ಇಡೀ ಲಾಂಡ್ರಿಗೆ ನಾನೇ ಫಸ್ಟ್. ಪಕ್ಕದ ಮೆಷಿನ್‌ನ ನಾದಿನಿ ಇನ್ನೂರ ಹತ್ತು, ಮುಖ ಊದಿಸಿಕೊಂಡಳು. ಗುಟ್ಟೇನಿಲ್ಲ, ಊಟದವರೆಗೆ ಹನಿ ನೀರು ಮುಟ್ಟುವುದಿಲ್ಲ. ನೀರು ಕುಡಿದರೆ ಟಾಯ್ಲೆಟ್, ಟಾಯ್ಲೆಟ್‌ಗೆ ಹೋದರೆ ನಾಲ್ಕು ಶೀಟ್ ಖೋತಾ. ಹನ್ನೊಂದು ವರ್ಷದ ಅಭ್ಯಾಸ. ಜಂಬ ಅಂದರೆ ಜಂಬ, ಇಲ್ಲಿ ಓದುವವರು ಯಾರು!

ಮೇ 9, ಮಧ್ಯಾಹ್ನ

ಮಳೆ ಬಂದು ನಿಂತಿದೆ. ಥರ್ಮಾಮೀಟರ್ ಮೂವತ್ತೈದು. ಹೋದ ವಾರ ನಲವತ್ತಿತ್ತು. "ಇವತ್ತು ತಂಪಿದೆ, ಜೋರಾಗಿ ಹೊಡೀರಿ" ಅಂದ ಮ್ಯಾನೇಜರ್. ತಂಪಂತೆ, ಅವನ ತಲೆ! ಇಸ್ತ್ರಿ ಮೆಷಿನ್‌ಗಳ ಹಬೆ ಆಚೆ ಹೋಗುತ್ತಿಲ್ಲ. ಬೆವರು ಸುರಿಯುತ್ತದೆ, ಆರುವುದೇ ಇಲ್ಲ. ನನಗೆ ಮೀನಖಂಡ ಹಿಡಿದುಕೊಂಡಿತು. ಲೆಕ್ಕದಲ್ಲಿ ನಾದಿನಿ ಮುಂದಿದ್ದಾಳೆ... ನನ್ನನ್ನು ನೋಡಿ ಅವಳೂ ನೀರು ಕುಡಿಯುವುದು ಬಿಟ್ಟಿದ್ದಾಳೆ.

ಮೇ 10, ಸಂಜೆ 5, ಆಸ್ಪತ್ರೆಯ ಬೆಂಚು

ಹನ್ನೊಂದಕ್ಕೆ ನೋಡುತ್ತೇನೆ, ನಾದಿನಿ ಮಡಚಿಟ್ಟ ಶೀಟನ್ನೇ ಬಿಚ್ಚಿ ಮತ್ತೆ ಇಸ್ತ್ರಿ ಮಾಡುತ್ತಿದ್ದಾಳೆ.

"ಏನೇ ಇದು?"

"ಅತ್ತಿಗೆ, ಮಗೂಗೆ ಹಾಲು ಕೊಟ್ರಾ?"

ಅವಳ ಮಗು ಈಗ ಕಾಲೇಜಿನಲ್ಲಿದೆ. ಮುಟ್ಟಿದರೆ ಮೈ ಕೆಂಡ. ಓಡಿಹೋಗಿ ಹಬೆಯ ಮೇನ್ ವಾಲ್ವ್ ತಿರುಗಿಸಿಬಿಟ್ಟೆ. ಹದಿನಾರು ಮೆಷಿನ್ ಗಪ್‌ಚುಪ್.

"ಯಾರನ್ನ ಕೇಳಿ ಮುಚ್ಚಿದೆ?" ಮ್ಯಾನೇಜರ್ ಕೂಗಿದ.

"ಮೊದ್ಲು ನೀರಿನ ಬಕೆಟ್ ಎತ್ತೋ, ಆಮೇಲೆ ಕೂಗಾಡು!"

ಎತ್ತಿದ! ನೆಲಕ್ಕೆ ಮಲಗಿಸಿ, ನೀರು ಸುರಿದು, ಒದ್ದೆ ಶೀಟ್ ಹೊದೆಸಿ, ಆಂಬುಲೆನ್ಸ್ ಬರುವವರೆಗೂ ಎಲ್ಲರೂ ಗಾಳಿ ಬೀಸಿದೆವು. "ಅಲ್ಲೇ ಮೈ ತಣ್ಣಗೆ ಮಾಡಿದ್ರಲ್ಲ, ಅದಕ್ಕೇ ಉಳಿದ್ರು" ಅಂದರು ಡಾಕ್ಟರ್. ಎದೆ ಉಬ್ಬಿತು. ಮರುಗಳಿಗೆ ಅಳು. ನೀರು ಬಿಡುವುದನ್ನು ಕಲಿಸಿದವಳೂ ನಾನೇ.

ಮೇ 14

ನಾದಿನಿ ಎದ್ದು ಕೂತಳು. "ಅವತ್ತು ನಾನೇ ಮುಂದಿದ್ದೆ, ಗೊತ್ತಲ್ಲ?" ಅಂತೆ. ಬಜಾರಿ! ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಇಬ್ಬರೂ ಒಂದೊಂದು ಬಾಟಲಿ ನೀರು ಖಾಲಿ ಮಾಡಿದೆವು.

ಮೇ 15, ಬೆಳಗ್ಗೆ 5

ಅರ್ಧ ದಿನದ ಕೆಲಸ ನಿಲ್ಲಿಸಿದ್ದಕ್ಕೆ ಮ್ಯಾನೇಜರ್‌ಗೆ ತಪ್ಪೊಪ್ಪಿಗೆ ಬರೆದುಕೊಡಬೇಕಂತೆ. ಇಲ್ಲದಿದ್ದರೆ ಕೆಲಸದಿಂದ ಔಟ್. ಸರಿ, ತಪ್ಪು ಇದ್ದದ್ದಂತೂ ಹೌದು. ಇಲ್ಲೇ ಒಮ್ಮೆ ಬರೆದು ನೋಡುತ್ತೇನೆ.

ಮಾನ್ಯರೇ, ವಾಲ್ವ್ ಮುಚ್ಚಿದ್ದು ನಾನೇ. ನನ್ನಿಂದಾದ ತಪ್ಪೆಂದರೆ, ಅದನ್ನು ಹಿಂದಿನ ದಿನವೇ ಮುಚ್ಚದೆ ಇದ್ದದ್ದು.