ಎಡಗೈ ಎತ್ತಿದ ಬಿಸ್ಕತ್ತುಗಳು

ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಊರಿನ ಅಂಗಡಿಗಳಿಗೆಲ್ಲ ಬೋರ್ಡು ಬರೆದುಕೊಡುವವನಿಗೆ ಅಕ್ಕನಿಗೆ ನಾಲ್ಕು ಸಾಲು ಬರೆಯಲು ಪುರುಸೊತ್ತಿಲ್ಲವೇ ಎಂದು ಬೈದುಕೊಂಡಿರುತ್ತೀಯ. ಪುರುಸೊತ್ತಿತ್ತು, ಧೈರ್ಯ ಇರಲಿಲ್ಲ. ಈ ಕಾಗದವನ್ನೇ ಎರಡು ಸಲ ಬರೆದು ಹರಿದುಹಾಕಿದ್ದೇನೆ.

"ಬೇರೆ ಯಾವುದಕ್ಕಾದರೂ ಕರೆ, ಕುಣಿತ ನೋಡಲು ಮಾತ್ರ ಕರೆಯಬೇಡ" ಎಂದು ನೀನು ಬರೆದಿದ್ದೆ. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ನಿನಗೆ ಹದಿನಾಲ್ಕು, ನನಗೆ ಏಳು ವರ್ಷವಿದ್ದಾಗ ಅಪ್ಪ ನಿನ್ನ ಕುಣಿತದ ಲಂಗವನ್ನು ಕತ್ತರಿಯಿಂದ ಚಿಂದಿ ಮಾಡಿದ್ದು ನನಗೂ ನೆನಪಿದೆ. ನೀನು ಕದ್ದು ಕುಣಿಯುತ್ತೀಯೆಂದು ಅವನಿಗೆ ಚಾಡಿ ಹೇಳಿದವಳು ಅಮ್ಮನೇ ಎಂದು ನೀನು ಅವಳ ಜೊತೆ ಕೊನೆತನಕ ನೆಟ್ಟಗೆ ಮಾತಾಡಲಿಲ್ಲ. ಅದೂ ನೆನಪಿದೆ. ಆದರೆ ನನ್ನ ಮಗಳಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಕೂತಲ್ಲಿ ಕೂರದೆ ತಿರುಗುತ್ತಲೇ ಇರುತ್ತಾಳೆಂದು ಅವಳಿಗೆ ಬುಗುರಿ ಎಂದು ಹೆಸರಿಟ್ಟವಳು ನೀನೇ. "ಅತ್ತೆ ಬರ್ತಾರಾ?" ಎಂದು ದಿನಕ್ಕೆ ಹತ್ತು ಸಲ ಕೇಳಿದಳು. "ನೋಡೋಣ" ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತು.

ಅವಳ ಕುಣಿತದ ಕಾರ್ಯಕ್ರಮವಿದ್ದದ್ದು ಮೊನ್ನೆ ಭಾನುವಾರ. ಜೊತೆಗೆ ಕುಣಿಯುವ ಮಕ್ಕಳಿಗೆಲ್ಲ ಮನೆಯಲ್ಲೇ ಮಾಡಿದ ಬಿಸ್ಕತ್ತು ಕೊಡಬೇಕು, ಒಂದೊಂದರ ಮೇಲೂ ಒಬ್ಬೊಬ್ಬ ಹುಡುಗಿ ಕುಣಿಯುತ್ತಿರಬೇಕು ಎಂದು ಬುಗುರಿಯ ಹಟ. ಹಿಟ್ಟು ಕಲಸಿ ಬೇಯಿಸುವುದು ನನ್ನವಳ ಪಾಲಿಗೆ ಬಂತು, ಚಿತ್ರ ಬಿಡಿಸುವುದು ನನ್ನ ಪಾಲಿಗೆ. ಶನಿವಾರ ಮಧ್ಯಾಹ್ನ ಊಟದ ಮೇಜಿಗೆ ಹಳೇ ಪೇಪರ್ ಹಾಸಿ ಕೂತೆ. ಸಕ್ಕರೆ ಪುಡಿಗೆ ನಿಂಬೆರಸ, ಬಣ್ಣ ಸೇರಿಸಿ, ಕೋನಿಗೆ ತುಂಬಿ, ಒಂದು ಕೈ ಮೇಲೆತ್ತಿ ಒಂದು ಕಾಲು ಹಿಂದಿಟ್ಟ ಹುಡುಗಿಯರನ್ನು ಒಬ್ಬೊಬ್ಬರಾಗಿ ಬರೆದೆ. ಕೈ ಚೆನ್ನಾಗಿ ಓಡಿತು.

ನನ್ನವಳು ಬಗ್ಗಿ ನೋಡಿ, "ರೀ, ಇದು ಅಂಗಡಿ ಬೋರ್ಡಲ್ಲ. ಲಂಗಕ್ಕೆ ನೆರಳು ಬೇರೆ ಹಾಕ್ತಿದೀರಲ್ಲ, ಬಾಯಿಗೆ ಹಾಕ್ಕೊಂಡ್ಮೇಲೆ ನೆರಳು ಯಾರಿಗೆ ಕಾಣ್ಸುತ್ತೆ?" ಎಂದಳು.

ಅಷ್ಟರಲ್ಲಿ ಬುಗುರಿ ಅಭ್ಯಾಸ ಮುಗಿಸಿ ಬಂದಳು. ಸೊಂಟಕ್ಕೆ ಕೈಯಿಟ್ಟು ಒಂದು ತುದಿಯಿಂದ ಪರೀಕ್ಷೆ ಮಾಡಿದಳು. "ಅಪ್ಪಾ, ಎಲ್ಲರೂ ಎಡಗೈ ಎತ್ತಿದಾರೆ. ನಾವು ಎತ್ತೋದು ಬಲಗೈ."

ನನ್ನವಳು ನಕ್ಕು ನಕ್ಕು ಸುಸ್ತಾದಳು. "ಅಂಗಡಿ ಗಾಜಿಗೆ ಒಳಗಿಂದ ತಿರುಗಾಮುರುಗಾ ಬರೆದೂ ಬರೆದೂ ನಿಮ್ಮಪ್ಪನ ತಲೆನೂ ಹಾಗೇ ಆಗಿದೆ ಕಣೇ."

"ಹೌದು, ಅಭ್ಯಾಸ ಬಲ," ಎಂದೆ ನಾನೂ.

ಬುಗುರಿ ಸ್ವಲ್ಪ ಯೋಚಿಸಿ, "ಇರ್ಲಿ ಬಿಡಪ್ಪಾ. ಇವರೆಲ್ಲ ಕನ್ನಡಿ ಒಳಗಿರೋ ಹುಡುಗೀರು," ಎಂದಳು.

ಅಕ್ಕ, ನನ್ನ ಕೈಯಲ್ಲಿದ್ದ ಕೋನು ಅಲ್ಲೇ ನಿಂತುಬಿಟ್ಟಿತು. ಗುಲಾಬಿ ಬಣ್ಣ ಸುರಿದು ಒಬ್ಬಳ ಮುಖವೆಲ್ಲ ಮುಚ್ಚಿಹೋಯಿತು. ಆ ಬಿಸ್ಕತ್ತನ್ನು ನಾನೇ ತಿಂದೆ.

ಭಾನುವಾರ ಬುಗುರಿ ಚೆನ್ನಾಗಿ ಕುಣಿದಳು. ಹೆತ್ತವರ ಕಣ್ಣು ಅನ್ನಬೇಡ, ಕೈ ಎತ್ತುವಾಗ ಥೇಟ್ ನಿನ್ನ ಹಾಗೇ. ಎರಡನೇ ಸಾಲಿನಲ್ಲಿ ಅವಳೇ ನಿನಗೆಂದು ಒಂದು ಕುರ್ಚಿ ಹಿಡಿದು ತನ್ನ ಬ್ಯಾಗು ಇಟ್ಟುಹೋಗಿದ್ದಳು. ಯಾರೋ ಹೆಂಗಸು ಬಂದು "ಇಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳಿದರು. "ನಮ್ಮಕ್ಕ ಬರ್ತಾರೆ" ಎಂದೆ. ಸುಳ್ಳೆಂದು ಗೊತ್ತಿದ್ದೂ ಹಾಗೆ ಹೇಳುವಾಗ ಎಷ್ಟು ಖುಷಿಯಾಯಿತು ಗೊತ್ತಾ?

ಒಂದು ಬಿಸ್ಕತ್ತನ್ನು ಬುಗುರಿ ನಿನಗೆಂದು ಎತ್ತಿಟ್ಟಿದ್ದಾಳೆ. ಅದರ ಮೇಲಿನ ಹುಡುಗಿಗೆ ತಾನೇ ಬಲಗೈಯನ್ನೂ ಮೇಲೆತ್ತಿ ಬರೆದಿದ್ದಾಳೆ. "ಎರಡೂ ಕೈ ಎತ್ತಿದ್ರೆ ಅತ್ತೆಗೆ ತಪ್ಪು ಕಾಣ್ಸಲ್ಲ" ಅನ್ನುತ್ತಾಳೆ. ಡಬ್ಬಿಗೆ ಇರುವೆ ಬರಬಾರದೆಂದು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿದ್ದಾಳೆ. ಮುಂದಿನ ತಿಂಗಳು ಒಂಬತ್ತಕ್ಕೆ ಅವಳ ಶಾಲೆಯಲ್ಲಿ ಇದೇ ಕುಣಿತ ಮತ್ತೊಮ್ಮೆ ಇದೆ. ಬಾ ಅಕ್ಕ.

ಭಾವನಿಗೆ ನಮಸ್ಕಾರ ಹೇಳು. ಅವರ ಮಂಡಿನೋವು ಬೇಗ ಕಡಿಮೆಯಾಗಲಿ. ಬುಗುರಿಯ ತಲೆಯ ಮೇಲೆ ನಿನ್ನ ಕೈ ಸದಾ ಇರಲಿ.

ಇಂತಿ ನಿನ್ನ ತಮ್ಮ,
ಬಾಲ

ತಾ. ಕ.: ಎಲ್ಲಿ ಹೋದರೂ ಹಿಂದೆ ಬರುತ್ತೇನೆಂದು ಬಾಲ ಅಂತ ಕರೆದವಳೂ ನೀನೇ. ಒಂದೇ ಕಡೆ ನನ್ನನ್ನು ಬಿಡುತ್ತಿರಲಿಲ್ಲ: ನೀನು ಅಮ್ಮನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕುಣಿಯುತ್ತಿದ್ದೆ. ನಾನು ಮೊದಲೇ ಹೋಗಿ ಮಂಚದ ಕೆಳಗೆ ಅಡಗಿರುತ್ತಿದ್ದೆ. ಅಲ್ಲಿಂದ ನೀನು ಕಾಣುತ್ತಿರಲಿಲ್ಲ, ಬೀರುವಿನ ಕನ್ನಡಿಯೊಳಗಿನ ನೀನು ಕಾಣುತ್ತಿದ್ದೆ. ಆ ಕನ್ನಡಿಯ ಹುಡುಗಿ ಎತ್ತುತ್ತಿದ್ದದ್ದು ಎಡಗೈ. ಶನಿವಾರ ನನ್ನ ಕೈ ಬರೆದದ್ದು ಅವಳನ್ನೇ, ಗಾಜಿನ ಕೆಲಸದ ಅಭ್ಯಾಸದಿಂದಲ್ಲ.

ನೀನು ನನ್ನನ್ನು ಹೊರಗಿಟ್ಟೆ ಅನ್ನುವ ಸಿಟ್ಟಿಗೆ ನಿನ್ನ ಕುಣಿತದ ವಿಷಯ ಅಪ್ಪನಿಗೆ ಹೇಳಿದವನು ನಾನು. ಅಮ್ಮ ಒಂದು ಮಾತೂ ಹೇಳಿರಲಿಲ್ಲ. ನಿನಗೆ ನಿಜ ಹೇಳಿಬಿಡುತ್ತೇನೆಂದು ಅತ್ತಾಗ ಅವಳೇ ನನ್ನ ಬಾಯಿ ಮುಚ್ಚಿ, "ಅವಳ ಸಿಟ್ಟು ನನ್ನ ಮೇಲೇ ಇರ್ಲಿ, ನಾನು ತಡ್ಕೋತೀನಿ. ನಾಳೆ ನಿಮ್ಮಿಬ್ಬರಿಗೆ ನೀವೇ ಅಲ್ವೇನೋ," ಎಂದಳು. ಅವಳು ತಡೆದುಕೊಂಡಳು. ನಾನು ಸುಮ್ಮನಿದ್ದುಬಿಟ್ಟೆ.

ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಬೇಡ, ಅಮ್ಮನಿಗೋಸ್ಕರ ಬಾ. ಒಂಬತ್ತಕ್ಕೆ ನೀನು ಒಳಗೆ ಕೂತು ನೋಡು, ನಾನು ಬಾಗಿಲ ಹೊರಗೇ ಇರುತ್ತೇನೆ. ಈ ಸಲ ಸಿಟ್ಟು ಮಾಡಿಕೊಳ್ಳುವುದಿಲ್ಲ.