ಕೋಟಿನ ಒಳಗು

ಸಡಾ, ಮುರಗಾಂವ, ಗೋವಾ
ಭಾನುವಾರ, ೧೦ ಫೆಬ್ರುವರಿ ೨೦೦೮

ಪ್ರೀತಿಯ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಬೆನ್ನುನೋವು ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ, ಇಲ್ಲವೇ ಆ ಒಣ ಖುಬ್ಬೂಸ್ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದು ಮಲಗಿಬಿಡುತ್ತೀರಾ? ಫೋನಿನಲ್ಲಿ ಏನು ಕೇಳಿದರೂ ನಿಮ್ಮದು ಒಂದೇ ಪಾಠ, "ನಾ ಚಲೋ ಅದೇನಿ, ನೀ ಹೆಂಗದೀ?" ನಾನು ಬಾಯಿ ತೆರೆಯುವಷ್ಟರಲ್ಲಿ ಕಾರ್ಡು ಮುಗಿದಿರುತ್ತದೆ, ಇಲ್ಲವೇ ನಿಮ್ಮ ಅವ್ವ ಫೋನು ಕಸಿದುಕೊಂಡಿರುತ್ತಾರೆ. ಅದಕ್ಕೇ ಈ ಪತ್ರ. ರಜೆಗೆ ಬಂದಿದ್ದ ನಿಮ್ಮ ಕೋಣೆಯ ಗೆಳೆಯ ಅಪ್ಪಾಸಾಬ ಅಣ್ಣ ಇವತ್ತು ಸಂಜೆ ದೋಹಾಕ್ಕೆ ಹೊರಟಿದ್ದಾರೆ. ಅವರ ಕೈಯಲ್ಲಿ ಶೇಂಗಾ ಚಟ್ನಿ, ಕರದಂಟು ಮತ್ತು ಇದನ್ನು ಕೊಡುತ್ತೇನೆ. ಇಲ್ಲಿ ಎಲ್ಲರೂ ಆರಾಮ. ಅವ್ವನ ಮೊಣಕಾಲು ಗುಡ್ಡ ಹತ್ತುವಾಗ ನೋಯುತ್ತದೆ, ನನ್ನ ಜೊತೆ ಜಗಳಕ್ಕೆ ನಿಂತಾಗ ನೋಯುವುದಿಲ್ಲ. ನಿಮ್ಮ ಮಗಳು ಗೀತಾಂಜಲಿ ಶಾಲೆಯಲ್ಲಿ ಕೊಂಕಣಿ ಹಾಡು ಕಲಿತು ಬಂದು ನಮ್ಮಿಬ್ಬರಿಗೂ ಅರ್ಥ ಹೇಳಿಕೊಡುತ್ತಾಳೆ. ಬಂದರಿನ ಕಲ್ಲಿದ್ದಲ ಧೂಳು ಈ ಸಲ ಜಾಸ್ತಿ, ಬಿಳಿ ಬಟ್ಟೆ ಹೊರಗೆ ಹಾಕುವ ಹಾಗಿಲ್ಲ.

ಇನ್ನೆರಡು ವರ್ಷ ಅಲ್ಲೇ ಇರಲು ಕಂಪನಿಯವರು ಸಹಿ ಕೇಳುತ್ತಿದ್ದಾರೆ, ಈ ತಿಂಗಳ ಕೊನೆಯೊಳಗೆ ಹೇಳಬೇಕು, ಏನು ಮಾಡಲಿ ಎಂದು ಕೇಳಿದ್ದಿರಿ. ಅವ್ವನ ಉತ್ತರ ನಿಮಗೆ ಗೊತ್ತೇ ಇದೆ. "ಎರಡ ವರ್ಷ ಅಂದ್ರ ಏನ ಮಹಾ, ಕಣ್ಣ ಮುಚ್ಚಿ ತೆಗಿಯೂದ್ರಾಗ ಹೋಗ್ತಾವ. ಮ್ಯಾಲಿನ ತಗಡ ತಗದು ಸ್ಲ್ಯಾಬ್ ಹಾಕೂಣು." ನನ್ನ ಉತ್ತರ ಕೊನೆಯಲ್ಲಿ ಬರೆಯುತ್ತೇನೆ. ನೀವು ಕಳಿಸಿದ ಫೋಟೋ ನೋಡಿದ ಮೇಲಂತೂ ಅವ್ವ ನೆಲದ ಮೇಲೆ ನಿಂತಿಲ್ಲ. ಕಪ್ಪು ಕೋಟು, ಕೆಂಪು ಟೈ, ಹಿಂದೆ ಎತ್ತರದ ಕಟ್ಟಡಗಳ ಪರದೆ! ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಣಿಯ ಎಲ್ಲ ಮನೆಗಳಿಗೂ ಹೋಗಿ ಬಂದರು. ನೀರಿನ ನಳದ ಹತ್ತಿರ ಕೊಡ ಬಿಟ್ಟು ಜನ ನಿಮ್ಮನ್ನು ನೋಡಿದರು. "ನಮ್ಮ ಬಾಳ್ಯಾ ಸಾಹೇಬ ಆಗ್ಯಾನ ನೋಡ್ರಿ" ಎಂದು ಅವ್ವ ಹೇಳುವಾಗ ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ನನ್ನ ಹುಚ್ಚು ನಿಮಗೆ ಗೊತ್ತು. ಬೇರೆ ಹೆಂಗಸರು ಸೀರೆ ಅಂಗಡಿಯ ಮುಂದೆ ನಿಂತರೆ ನಾನು ಗಂಡಸರ ಬಟ್ಟೆ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಲ್ಲುವವಳು. "ಅಲ್ಲೇನ ನೋಡ್ತೀ, ಗಂಡನ್ನ ಬದಲ ಮಾಡಾಕತ್ತೀಯೇನ?" ಎಂದು ನೀವು ನಗುತ್ತಿದ್ದಿರಿ. ಈಗ ಹುಚ್ಚು ಇನ್ನೂ ಏರಿದೆ. ಕಂಠೆಪ್ಪ ಮಾಸ್ತರರ ಹೊಲಿಗೆ ಅಂಗಡಿಯಲ್ಲಿ ಕಾಜಾ ಗುಂಡಿ ಕೆಲಸಕ್ಕೆ ಸೇರಿದ ಮೇಲೆ ವಾಸ್ಕೋದ ರದ್ದಿಯವನು ನನಗೆಂದೇ ಫ್ಯಾಶನ್ ಪುಸ್ತಕಗಳನ್ನು ತೆಗೆದಿಡುತ್ತಾನೆ. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೇ, ಚಿತ್ರ ಓದುತ್ತೇನೆ. ಈಗಿನ ಪ್ಯಾಂಟುಗಳು ಸೊಂಟದಿಂದ ಜಾರಿ ಎಲ್ಲಿಗೆ ಹೋಗುತ್ತಿವೆಯೋ ದೇವರೇ ಬಲ್ಲ. ಆದರೆ ಕೋಟುಗಳು! ಬೂದು ಬಣ್ಣದಲ್ಲಿ ಅಷ್ಟು ಬಗೆ ಇವೆ ಎಂದು ನನಗೆ ಗೊತ್ತೇ ಇರಲಿಲ್ಲ. ಒಂದರಲ್ಲಿ ಮಳೆಗಾಲದ ಸಮುದ್ರದ ಬೂದು, ಇನ್ನೊಂದರಲ್ಲಿ ಪಾರಿವಾಳದ ಕತ್ತಿನ ಬೂದು. ಬೂಟಿನ ಕಂದು ಬಣ್ಣಕ್ಕೆ ಬೆಲ್ಟಿನ ಕಂದು ತಾಳೆಯಾಗಬೇಕು, ಗಡಿಯಾರದ ಪಟ್ಟಿ ಕೂಡ ಅದೇ. ಕಿಸೆಯಲ್ಲಿ ಒಂದು ಬಿಳಿ ಕರವಸ್ತ್ರ, ಮೂಗು ಒರೆಸಲು ಅಲ್ಲ, ಸುಮ್ಮನೆ ನೋಡಲು. ಅಷ್ಟು ಚೆಂದದ ಬಟ್ಟೆ ತೊಟ್ಟೂ ಆ ಗಂಡಸರು ಯಾರೂ ನಗುವುದಿಲ್ಲ. ನನ್ನ ಮೈಮೇಲೆ ಅಂಥದ್ದು ಇದ್ದಿದ್ದರೆ ದಿನವಿಡೀ ನಗುತ್ತಿದ್ದೆ.

ಈಗ ದೊಡ್ಡ ಸುದ್ದಿ. ಕಳೆದ ವಾರ ಹಡಗಿನ ಆಫೀಸರೊಬ್ಬರು ಅಂಗಡಿಗೆ ಒಂದು ಕೋಟು ತಂದರು. ಇಟಲಿಯಲ್ಲಿ ಹೊಲಿಸಿದ್ದಂತೆ, ಯಾರೋ ಹೆಸರುವಾಸಿ ಡಿಸೈನರನ ಕೈಯದು. ಒಳಗಿನ ಅಸ್ತರು ಹರಿದಿತ್ತು, ಮಗನ ಮದುವೆಯೊಳಗೆ ಸರಿಯಾಗಬೇಕಿತ್ತು. ಮಾಸ್ತರರು ಕೋಟನ್ನು ಮುಟ್ಟುವ ಮೊದಲು ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದರು. ಅವರ ಕಣ್ಣು ಈಗ ಸೂಕ್ಷ್ಮ ಹೊಲಿಗೆಗೆ ಸಾಲದು, ಅದಕ್ಕೇ ಬಿಚ್ಚುವ ಕೆಲಸ ನನಗೆ ಬಂತು. "ನಂದಾ, ಕತ್ತರಿ ಹಾಕಬ್ಯಾಡ. ದಾರ ಹೋದ ದಾರಿ ನೋಡ್ಕೊಂತ ಬಿಚ್ಚು. ಹೊಲಿದಾಂವ ಹೆಂಗ ಹೋಗ್ಯಾನ, ನಾವು ಹಂಗ ತಿರುಗಿ ಬರಬೇಕ" ಎಂದರು. ಅಸ್ತರು ಸರಿಸಿದೆ ನೋಡಿ, ಹೇಗೆ ಹೇಳಲಿ ನಿಮಗೆ, ಮೈ ಜುಮ್ಮೆಂದಿತು. ನಮ್ಮಲ್ಲಿ ಕೋಟಿನ ಎದೆಗೆ ಅಂಟು ಹಚ್ಚಿದ ಗಮ್ ಬಟ್ಟೆ ಇಟ್ಟು ಇಸ್ತ್ರಿ ಒತ್ತಿದರೆ ಮುಗಿಯಿತು. ಅಲ್ಲಿ ಕುದುರೆ ಕೂದಲು ಸೇರಿಸಿ ನೇಯ್ದ ಬಟ್ಟೆ, ಅದರ ಮೇಲೆ ಅಕ್ಕಿ ಕಾಳಿಗಿಂತ ಸಣ್ಣ ಹೊಲಿಗೆಗಳು, ಸಾಲಿಗೆ ಸಾಲು, ಎಲ್ಲವೂ ಕೈಯವು. ಭುಜದ ಹತ್ತಿರ ಹೊಲಿಗೆ ಬಾಗುತ್ತದೆ, ಎದೆಯ ಉಬ್ಬಿಗೆ ತಕ್ಕಂತೆ ಸಡಿಲವಾಗುತ್ತದೆ. ಯಾವ ಕಣ್ಣಿಗೂ ಬೀಳದ ಜಾಗ ಅದು! ಮೇಲೆ ಅಸ್ತರು ಹೊದಿಸಿದರೆ ತೊಟ್ಟವನಿಗೂ ಗೊತ್ತಾಗುವುದಿಲ್ಲ. ಅಲ್ಲಿ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಮೈಯನ್ನು ಅಷ್ಟು ಪ್ರೀತಿಯಿಂದ ನೆನಪಿಟ್ಟುಕೊಂಡು ಹೊಲಿದಿದ್ದಾನೆ. ನನಗೆ ಗರ್ಭಗುಡಿಯ ಒಳಗೆ ಕಾಲಿಟ್ಟ ಹಾಗಾಯಿತು. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇಷ್ಟ ವರ್ಷ ನಾನೂ ಕೋಟ ಹೊಲಿತೇನಿ ಅಂತ ತಿಳ್ಕೊಂಡಿದ್ನಲ್ಲಾ" ಎಂದರು. ಮಧ್ಯಾಹ್ನ ಇಬ್ಬರೂ ಡಬ್ಬಿ ತೆರೆಯುವುದನ್ನೇ ಮರೆತೆವು.

ಆ ದಿನ ಮಾಸ್ತರರು ನನಗೆ ಕೋಟು ನೋಡುವುದನ್ನು ಕಲಿಸಿದರು. ಬಟ್ಟೆಯ ಬಣ್ಣ ಆಮೇಲೆ, ಮೊದಲು ಭುಜ ನೋಡು. ಹೊಲಿಗೆ ಭುಜದ ಮೂಳೆಯ ತುದಿಗೆ ನಿಂತರೆ ಕೋಟು ಅವನದು, ಕೆಳಗೆ ಇಳಿದರೆ ಇನ್ನೊಬ್ಬನದು. ಮನೆಗೆ ಬಂದು ಗೋಡೆಯ ಮೇಲಿನ ನಿಮ್ಮ ಫೋಟೋ ಮತ್ತೆ ನೋಡಿದೆ. ಅಯ್ಯೋ ನನ್ನ ಸಾಹೇಬರೇ! ಭುಜದ ಹೊಲಿಗೆ ನಿಮ್ಮ ತೋಳಿನ ಮೇಲೆ ಕುಳಿತಿದೆ, ಕೋಟಿನ ತೋಳು ಬೆರಳ ಗೆಣ್ಣಿನವರೆಗೆ ಬಂದಿದೆ, ಎರಡೂ ಪಕ್ಕೆಯಲ್ಲಿ ನೆರಿಗೆಗಳು ಹಿಂದಕ್ಕೆ ಓಡುತ್ತಿವೆ. ಅದು ಸ್ಟುಡಿಯೋದ ಕೋಟು. ಯಾರು ಬಂದರೂ ಅದನ್ನೇ ತೊಡಿಸಿ, ಬೆನ್ನ ಹಿಂದೆ ಬಟ್ಟೆ ಒಣಹಾಕುವ ಚಿಮುಟಿ ಸಿಕ್ಕಿಸಿ, ಮುಂದಿನಿಂದ ಫೋಟೋ ಹೊಡೆದು ಕಳಿಸುತ್ತಾರೆ. ಖರೇ ಹೌದಲ್ಲವೇ? ನೀವು ಕಿವಿಯವರೆಗೂ ಕೆಂಪಾದದ್ದು ನನಗೆ ಇಲ್ಲಿಂದಲೇ ಕಾಣುತ್ತಿದೆ. ನಾನು ಯಾರಿಗೂ ಹೇಳಿಲ್ಲ. ಅವ್ವ ಇದನ್ನು ಓದಿ ಹೇಳು ಎಂದು ಕುಳಿತೇ ಇದ್ದಾರೆ, ಓದುವಾಗ ಈ ಭಾಗ ಹಾರಿಸುತ್ತೇನೆ.

ಇನ್ನು ಸಹಿಯ ಮಾತು. ಅವ್ವ ಹೇಳುವುದರಲ್ಲೂ ತಪ್ಪಿಲ್ಲ. ಮಳೆಗಾಲದಲ್ಲಿ ತಗಡಿನ ಕೆಳಗೆ ಮಲಗುವ ಕಷ್ಟ ನಿಮಗೂ ಗೊತ್ತು. ಎರಡು ವರ್ಷ ಹೇಗೋ ಕಳೆಯುತ್ತದೆ. ಅವ್ವನ ಮಾತೇ ನನ್ನ ಮಾತು ಎಂದು ತಿಳಿಯಿರಿ, ಸಹಿ ಹಾಕಿ. ಇಟಲಿ ಕೋಟಿಗೆ ಹೊಸ ಅಸ್ತರು ಕೂಡಿಸಿ ಕೊಟ್ಟದ್ದು ನಾನೇ. ಆಫೀಸರು ತಿರುಗಿಸಿ ಮುರುಗಿಸಿ ನೋಡಿ ತಲೆದೂಗಿದರು. ಮುಂದಿನ ತಿಂಗಳಿಂದ ಮಾಸ್ತರರು ನನ್ನನ್ನು ಕಾಜಾ ಗುಂಡಿಯಿಂದ ಬಿಡಿಸಿ ಕೋಟಿನ ಕೆಲಸಕ್ಕೇ ಕೂಡಿಸಿಕೊಳ್ಳುತ್ತಾರಂತೆ. ಗಂಡಸರ ಕೋಟಿಗೆ ಹೆಂಗಸಿನ ಕೈ ಎಂದು ಗಿರಾಕಿಗಳು ಮೂಗು ಮುರಿದರೆ ಮುರಿಯಲಿ.

ಅವ್ವ ನಿಮಗೆ ಬಾಯಿ ತುಂಬ ಆಶೀರ್ವಾದ ಹೇಳಿದ್ದಾರೆ. ಗೀತಾಂಜಲಿ ನಿಮ್ಮ ಎರಡೂ ಗಲ್ಲಕ್ಕೆ ಮುದ್ದು ಕಳಿಸಿದ್ದಾಳೆ. ಕೋಣೆಯ ಎಲ್ಲ ಅಣ್ಣಂದಿರಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮವಳೇ ಆದ,
ನಂದಾ

ತಾ.ಕ.: ಪತ್ರ ಓದಿ ಹೇಳಿಯಾಯಿತು. ಅವ್ವ ಸಮಾಧಾನದಿಂದ ಒಳಗೆ ಚಹಾಕ್ಕೆ ಇಟ್ಟಿದ್ದಾರೆ, ಅಪ್ಪಾಸಾಬ ಅಣ್ಣ ಬಾಗಿಲಲ್ಲೇ ಚೀಲ ಹಿಡಿದು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಕೋಟು ಬಾಡಿಗೆಯದು, ಆದರೆ ಒಳಗಿನ ಅಂಗಿ ನಾನು ಹೊಲಿದದ್ದು. ಹೊರಡುವ ದಿನ ಮೇಲಿನ ಗುಂಡಿ ಹಾಕಿಕೊಳ್ಳಲಾಗದೆ, "ಕುತಗಿ ಹಿಚಕಾಕ ಹೊಲ್ದೀಯೇನ" ಎಂದು ಬೈದಿರಲ್ಲ, ಅದೇ ಕಾಲರು. ಫೋಟೋದಲ್ಲಿ ಗುಂಡಿ ಹಾಕಿದೆ, ಟೈ ಬಿಗಿದಿದೆ, ಆದರೂ ಕಾಲರು ಕುತ್ತಿಗೆಯಿಂದ ದೂರ ನಿಂತಿದೆ. ನನ್ನ ಇಡೀ ಕೈ ಅದರೊಳಗೆ ಹೋಗುತ್ತದೆ. ಈಗ ಅಪ್ಪಾಸಾಬ ಅಣ್ಣನನ್ನು ನೇರವಾಗಿ ಕೇಳಿದೆ, ಅವರಿಗೆ ಏನಾಗಿದೆ ಎಂದು. "ನಾ ಹೇಳೂದಿಲ್ಲ ವೈನಿ, ಬಾಳ್ಯಾ ದೇವರ ಆಣಿ ಹಾಕಿಸ್ಯಾನ" ಎಂದು ನೆಲ ನೋಡುತ್ತಿದ್ದಾರೆ. ನನಗೆ ಅಷ್ಟು ಸಾಕು. ಸಹಿಯ ಬಗ್ಗೆ ಮೇಲೆ ಬರೆದದ್ದು ಅವ್ವನಿಗೆ ಓದಿ ಹೇಳಲು ಬರೆದದ್ದು. ಸಹಿ ಹಾಕಬೇಡಿ. ತಗಡಿನ ಕೆಳಗೆ ನಾವು ಇಷ್ಟು ವರ್ಷ ಮಲಗಿಲ್ಲವೇ? ಅವ್ವನನ್ನು ನಾನು ನೋಡಿಕೊಳ್ಳುತ್ತೇನೆ. ದಪ್ಪಗಾಗಿ, ಸಾಹೇಬರಾಗಿ ಬರಬೇಕೆಂದು ಕಾಯುತ್ತ ಅಲ್ಲಿ ಕೂರಬೇಡಿ. ಎಷ್ಟು ಉಳಿದಿದ್ದೀರೋ ಅಷ್ಟನ್ನೇ ತೆಗೆದುಕೊಂಡು ಬನ್ನಿ, ಅಳತೆ ನಾನು ಹೊಸದಾಗಿ ತೆಗೆದುಕೊಳ್ಳುತ್ತೇನೆ.