ಬೆನ್ನಿನ ಎಣ್ಣಿ

ಹುಕ್ಕೇರಿ
ಬುಧವಾರ, ೧೯೩೬

ಕಲ್ಲೋಳಿಯ ಗೆಳೆಯ ಮುರಿಗೆಪ್ಪಗ ಶರಣು.

ನಿನ್ನ ಭುಜದ ನೋವು ಈಗ ಹ್ಯಾಂಗ ಐತಿ? ಈ ಪತ್ರದ ಜೋಡಿ ರೇಷ್ಮಿ ರುಮಾಲ ಕಳಿಸೇನಿ. ಮೊನ್ನೆ ಗೋಕಾಕದ ಕುಸ್ತಿಯೊಳಗ ನಿನ್ನ ಚಿತ್ ಮಾಡಿದೆ ಅಂತ ಪಂಚರು ನನ್ನ ತಲಿಗೆ ಸುತ್ತಿದ್ದು ಇದ. ಇದು ನನ್ನದಲ್ಲ.

ನಿನ್ನ ಹಿಡಿತ ಮೂರು ಸಲ ಜಾರಿತು. ನಿನ್ನ ಕೈಯಾಗ ಕಸುವಿಲ್ಲ ಅಂತ ಮಂದಿ ನಕ್ಕರು. ಖರೆ ಅಂದ್ರ, ಅವತ್ತ ಮುಂಜಾನೆ ನಾ ಬ್ಯಾಡಂದ್ರೂ ನಮ್ಮವ್ವ ಕೇಳದ ನನ್ನ ಬೆನ್ನಿಗೆ ಕುಸಬಿ ಎಣ್ಣಿ ತಿಕ್ಕಿದ್ಲು. ನಾ ಅವಸರದಾಗ ಬರೇ ನೀರ ಹಾಕ್ಕೊಂಡು, ಮ್ಯಾಲ ಕೆಂಪು ಮಣ್ಣ ಬಳಕೊಂಡು ಕಣಕ್ಕ ಇಳಿದೆ. ಎರಡನೇ ಸಲ ನಿನ್ನ ಕೈ ಜಾರಿದಾಗ ನನಗ ತಿಳೀತು. ತಿಳಿದೂ ಸುಮ್ಮನಿದ್ದೆ.

ಪಂಚರಿಗೂ ಇದನ್ನ ಬರದೇನಿ. ಬರೂ ಸೋಮವಾರ ನಮ್ಮ ಗರಡಿಯೊಳಗ ಮತ್ತೊಮ್ಮೆ ಕುಸ್ತಿ ಹಿಡಿಯೂಣು.

ಅವ್ವನ ಮ್ಯಾಲ ಸಿಟ್ಟಿಗೆದ್ದೆ. ಅಕಿ ಎಲ್ಲಾ ಕೇಳಿ, ನಿನ್ನ ನೆನಸಿ, "ತಾಯಿ ಇಲ್ಲದ ಹುಡುಗ, ಅವಗ ಯಾರು ಎಣ್ಣಿ ಹಚ್ಚತಾರ?" ಅಂದ್ಲು.

ಅದಕ್ಕ, ನೀ ಕುಸ್ತಿಗೆ ಒಂದಿನ ಮೊದಲ, ರವಿವಾರನ ಬಾ. ಅವ್ವ ಇಬ್ಬರಿಗೂ ಎಣ್ಣಿ ಹಚ್ಚತಾಳ. ಆಮ್ಯಾಲ ಸೀಗಿಕಾಯಿ ಹಾಕಿ ನಿನ್ನ ಬೆನ್ನ ನಾ ತಿಕ್ಕತೇನಿ, ನನ್ನ ಬೆನ್ನ ನೀ ತಿಕ್ಕು.

ನಿನ್ನ ಹಾದಿ ನೋಡಾಂವ,
ಗುರುಲಿಂಗಪ್ಪ